ಒಂದೇ ಪಂಕ್ತಿಯ ಅಣ್ಣತಮ್ಮಂದಿರು

ಮಂಗಳೂರಿನ ಸಿಟಿ ಬಸ್ಸುಗಳ ಕಂಡಕ್ಟರುಗಳು ಬೆಳ್ಳಂಬೆಳಗ್ಗೆಯೇ ಕೂಗುವ ಹೆಸರುಗಳಲ್ಲಿ 'ಬಂಟ್ಸ್ ಹಾಸ್ಟೆಲ್' ಒಂದು. ಅಲ್ಲಿ ಇಳಿಯುವವರಲ್ಲಿ ಹೆಚ್ಚಿನವರು ಹಾಸ್ಟೆಲಿನವರಲ್ಲ. ಯಾರೋ ಆಸ್ಪತ್ರೆಗೆ ಹೊರಟವರು, ಯಾರೋ ಅಂಗಡಿಯ ಬಾಗಿಲು ತೆರೆಯಬೇಕಾದವರು, ಕಾಲೇಜಿನ ಮಕ್ಕಳು. ಊರಿನ ವೃತ್ತಗಳಿಗೆ ರಾಜರ, ಮಂತ್ರಿಗಳ, ದಾನಿಗಳ ಹೆಸರಿಡುವುದು ಎಲ್ಲೆಡೆಯ ರೂಢಿ. ಇಲ್ಲಿ ಮಾತ್ರ, ಹಳ್ಳಿಯಿಂದ ಓದಲು ಬಂದ ಹುಡುಗರು ಉಂಡು, ಮಲಗಿ, ದೀಪದ ಮುಂದೆ ಪಾಠ ಒಪ್ಪಿಸಿಕೊಂಡ ಒಂದು ಮನೆಯ ಹೆಸರು ಇಡೀ ಬಡಾವಣೆಗೆ ಅಂಟಿಕೊಂಡಿದೆ. ಯಾವ ಸಭೆಯೂ ನಿರ್ಣಯ ಮಾಡಿ ಇಟ್ಟ ಹೆಸರಲ್ಲ ಅದು, ಜನರ ಬಾಯಲ್ಲಿ ತಾನಾಗಿ ನಿಂತದ್ದು. ವಿದ್ಯಾರ್ಥಿಗಳು ಒಟ್ಟಿಗೆ ಬಾಳಿದ ಒಂದು ಮನೆ ಊರಿನ ನೆನಪಿನಲ್ಲಿ ಇಷ್ಟು ಗಟ್ಟಿಯಾಗಿ ಕೂರಬೇಕಾದರೆ ಅದರ ಹಿಂದೆ ಏನಿದೆ ಎಂದು ಯೋಚಿಸುವುದಕ್ಕೆ ಈ ಬೆಳಗಿನ ಹೊತ್ತು ತಕ್ಕದ್ದು.

ವಿದ್ಯಾರ್ಥಿಗಳ ಕೂಟವೊಂದು ಒಂದು ದೇಶದ ಚರಿತ್ರೆಯನ್ನೇ ಹೊತ್ತು ನಡೆದ ಉದಾಹರಣೆ ಬಾಲ್ಟಿಕ್ ಸಮುದ್ರದ ದಡದ ಎಸ್ಟೋನಿಯದಲ್ಲಿದೆ. ಅಲ್ಲಿನ ಟಾರ್ಟು ವಿಶ್ವವಿದ್ಯಾನಿಲಯ 1632ರಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನೆಲವನ್ನು ಆಳುತ್ತಿದ್ದವರು ರಷ್ಯದ ಚಕ್ರವರ್ತಿಗಳು, ಪಾಠ ನಡೆಯುತ್ತಿದ್ದುದು ಜರ್ಮನ್ ಭಾಷೆಯಲ್ಲಿ. ಜಮೀನುದಾರ ಜರ್ಮನ್ ಮನೆತನಗಳ ಹುಡುಗರಿಗೆ ಅವರದೇ ಬಣ್ಣದ ಟೋಪಿ, ಅವರದೇ ಪಟ್ಟಿ, ಅವರದೇ ಹಾಡುಗಳಿದ್ದ ಸಂಘಗಳಿದ್ದವು. ಎಸ್ಟೋನಿಯನ್ ರೈತನ ಮಗ ಓದಿ ಮುಂದೆ ಬಂದನೆಂದರೆ ಅವನು ಜರ್ಮನನಾಗಿಬಿಟ್ಟ ಎಂದೇ ಲೆಕ್ಕ. 1870ರಲ್ಲಿ ಅಂಥ ಕೆಲವು ಹುಡುಗರು ಸಂಜೆ ಒಂದೆಡೆ ಸೇರಿ ತಮ್ಮ ಭಾಷೆಯ ಮಹಾಕಾವ್ಯ 'ಕಾಲೆವಿಪೊಯೆಗ್' ಅನ್ನು ಓದತೊಡಗಿದರು. ಕ್ರೊಯ್ಟ್ಸ್‌ವಾಲ್ಡ್ ಎಂಬ ವೈದ್ಯರು ಜನಪದ ಕಥೆಗಳನ್ನು ಆಧರಿಸಿ ಕಟ್ಟಿದ ಕಾವ್ಯ ಅದು. ಆ ಓದಿನ ಸಂಜೆಗಳಿಂದ ಹುಟ್ಟಿದ್ದು ಎಸ್ಟೋನಿಯನ್ ವಿದ್ಯಾರ್ಥಿಗಳ ಸಂಘ. 1881ರಲ್ಲಿ ಅವರು ನೀಲಿ, ಕಪ್ಪು, ಬಿಳಿ ಬಣ್ಣಗಳನ್ನು ತಮ್ಮವೆಂದು ಆರಿಸಿಕೊಂಡರು. 1884ರ ಜೂನ್ 4ರಂದು, ಓಟೆಪ್ಯಾ ಎಂಬ ಸಣ್ಣ ಊರಿನ ಪಾದ್ರಿಯ ಮನೆಯಲ್ಲಿ, ಹೆಣ್ಣುಮಕ್ಕಳು ಹೊಲಿದುಕೊಟ್ಟ ರೇಷ್ಮೆಯ ಬಾವುಟಕ್ಕೆ ಆಶೀರ್ವಾದ ಆಯಿತು. 1918ರಲ್ಲಿ ದೇಶ ಸ್ವತಂತ್ರವಾದಾಗ ವಿದ್ಯಾರ್ಥಿಗಳ ಆ ಬಾವುಟವೇ ರಾಷ್ಟ್ರದ ಬಾವುಟವಾಯಿತು.

ಆಮೇಲೆ ಇಂಥ ಸಂಘಗಳು ಹಲವು ಹುಟ್ಟಿದವು. ಅವುಗಳ ಸಂಪ್ರದಾಯಗಳು ನಮಗೆ ಅಷ್ಟೇನೂ ಅಪರಿಚಿತ ಅನ್ನಿಸುವುದಿಲ್ಲ. ಹೊಸದಾಗಿ ಬಂದವನನ್ನು 'ನರಿ' ಎಂದು ಕರೆಯುತ್ತಾರೆ. ಅವನು ಹಿರಿಯರಿಗೆ ಬಡಿಸಬೇಕು, ಕೋಣೆ ಗುಡಿಸಬೇಕು, ಸಂಘದ ಚರಿತ್ರೆಯನ್ನೂ ಹಾಡುಗಳನ್ನೂ ಬಾಯಿಪಾಠ ಮಾಡಬೇಕು. ತಕ್ಕವನೆಂದು ಎಲ್ಲರೂ ಒಪ್ಪಿದ ಮೇಲೆ ಬಣ್ಣದ ಟೋಪಿ ಸಿಗುತ್ತದೆ. ಅಲ್ಲಿಂದ ಮುಂದೆ ಸಾಯುವವರೆಗೂ ಅವನು ಉಳಿದವರಿಗೆ ತಮ್ಮ, ಅಣ್ಣ. 1940ರಲ್ಲಿ ಸೋವಿಯತ್ ಆಡಳಿತ ಈ ಸಂಘಗಳನ್ನೆಲ್ಲ ಮುಚ್ಚಿಸಿತು. ದೇಶ ಬಿಟ್ಟು ಹೋದವರು ಸ್ವೀಡನ್ನಿನಲ್ಲಿ, ಕೆನಡಾದಲ್ಲಿ, ಅಮೆರಿಕದಲ್ಲಿ ಕೂಟ ನಡೆಸುತ್ತಲೇ ಬಂದರು. ಊರಲ್ಲೇ ಉಳಿದವರು ಸುಮ್ಮನಿದ್ದರು, ಮರೆಯಲಿಲ್ಲ. 1980ರ ದಶಕದ ಕೊನೆಗೆ ಗಾಳಿ ಬದಲಾದಾಗ, ಬಿಳಿಗೂದಲಿನ ಆ ಹಳಬರೇ ಹೊಸ ಹುಡುಗರಿಗೆ ಹಾಡು ಹೇಳಿಕೊಟ್ಟರು. ಹಳ್ಳಿಯ ಮನೆಯೊಂದರಲ್ಲಿ ಬಚ್ಚಿಟ್ಟಿದ್ದ 1884ರ ಮೂಲ ಬಾವುಟ 1990ರ ದಶಕದ ಆರಂಭದಲ್ಲಿ ಹೊರಗೆ ಬಂತು.

ಬಾಲ್ಟಿಕ್ ಕಡೆಯ ಕಾವ್ಯಪ್ರೀತಿಗೂ ತುಳುನಾಡಿಗೂ ಒಂದು ನೇರ ಸಂಬಂಧ ಇದೆ. ಎಸ್ಟೋನಿಯದ ನೆರೆಯ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಇಲ್ಲಿಗೆ ಬಂದು, ಉಜಿರೆಯ ಸಮೀಪದ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡರು. ಹದಿನೈದು ಸಾವಿರಕ್ಕೂ ಹೆಚ್ಚು ಸಾಲುಗಳ ಆ ಕಾವ್ಯ 1998ರಲ್ಲಿ ಅಚ್ಚಾಯಿತು. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಆ ಕೆಲಸದಲ್ಲಿ ಜೊತೆಯಾದವರು. ಬಾಯಿಂದ ಬಾಯಿಗೆ ಬಂದ ಕಾವ್ಯದಿಂದಲೇ ಒಂದು ಜನ ತನ್ನನ್ನು ಕಂಡುಕೊಳ್ಳಬಹುದು ಎಂಬುದು ಹಾಂಕೊ ಅವರಿಗೆ ತಮ್ಮ ಊರಿನ ಅನುಭವದಿಂದಲೇ ಗೊತ್ತಿತ್ತು.

ಟಾರ್ಟುವಿನ ಹುಡುಗರು ಕಾವ್ಯ ಓದಲು ಸೇರಿದ ಸರಿಸುಮಾರಿಗೇ ಮಂಗಳೂರಿನಲ್ಲೂ ಹೊಸ ಓದು ಬೇರೂರುತ್ತಿತ್ತು. ಹಂಪನಕಟ್ಟೆಯಲ್ಲಿ ಈಗ ವಿಶ್ವವಿದ್ಯಾನಿಲಯ ಕಾಲೇಜಾಗಿರುವ ಸರ್ಕಾರಿ ವಿದ್ಯಾಸಂಸ್ಥೆಯ ಮೂಲ 1868ರದು. 1880ರಲ್ಲಿ ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜು ತೆರೆದರು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದರು. ಬಾಸೆಲ್ ಮಿಷನ್ನಿನ ಶಾಲೆಗಳು ಅದಕ್ಕೂ ಅರ್ಧ ಶತಮಾನ ಹಿಂದಿನವು. ಶಾಲೆಗಳೇನೋ ಬಂದವು. ಬಂಟ್ವಾಳದಿಂದ, ಪುತ್ತೂರಿನಿಂದ, ಕಾರ್ಕಳದಿಂದ, ಕಾಸರಗೋಡಿನಿಂದ ಬರುವ ಹುಡುಗ ಇರುವುದೆಲ್ಲಿ? ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಹೊಳೆಗಳನ್ನು ದೋಣಿಯಲ್ಲೇ ದಾಟಬೇಕು, ಉಳಿದ ದಾರಿಗೆ ಎತ್ತಿನ ಗಾಡಿ, ಇಲ್ಲವಾದರೆ ಕಾಲ್ನಡಿಗೆ. ಮಳೆಗಾಲದ ನಾಲ್ಕು ತಿಂಗಳು ಹೊಳೆ ಒಪ್ಪಿದರೆ ಮಾತ್ರ ಊರು. ದಿನಾ ಬಂದು ಹೋಗುವ ಮಾತೇ ಇಲ್ಲ. ವಿದ್ಯೆ ಬೇಕಾದವನಿಗೆ ಮೊದಲು ಬೇಕಾದದ್ದು ಪುಸ್ತಕವಲ್ಲ, ಮಲಗಲು ಒಂದು ಚಾಪೆ, ಹೊತ್ತಿಗೆ ಒಂದಿಷ್ಟು ಕುಚ್ಚಲಕ್ಕಿ ಗಂಜಿ.

ಇದಕ್ಕೆ ನಮ್ಮವರು ಕಂಡುಕೊಂಡಿದ್ದ ಹಳೆಯ ದಾರಿ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಏಳು ದಿನದ ಊಟ. ಹುಡುಗ ಸ್ನಾನ ಮಾಡಿ, ಜಗಲಿಯಲ್ಲಿ ಕಾದು, ಆ ಮನೆಯ ಮಕ್ಕಳ ಜೊತೆ ಉಂಡು ಶಾಲೆಗೆ ಓಡುತ್ತಿದ್ದ. ಕರ್ನಾಟಕದ ಎಷ್ಟೋ ವಿದ್ವಾಂಸರು, ನ್ಯಾಯಾಧೀಶರು, ಮೇಷ್ಟ್ರುಗಳು ಬೆಳೆದದ್ದು ಹಾಗೆ. ತಮಗೇ ಹೊಟ್ಟೆತುಂಬ ಇಲ್ಲದ ಮನೆಯಲ್ಲೂ ವಾರದ ಹುಡುಗನಿಗೆಂದು ಒಂದು ಸೌಟು ಅನ್ನ ಎತ್ತಿಡುತ್ತಿದ್ದ ತಾಯಂದಿರಿಗೆ ನಾಡು ಎಷ್ಟು ಋಣಿಯಾಗಿದ್ದರೂ ಸಾಲದು. ಅವರ ಹೆಸರು ಯಾವ ಶಾಲೆಯ ಗೋಡೆಯ ಮೇಲೂ ಇಲ್ಲ.

ಆದರೆ ವಾರಾನ್ನ ಅಡುಗೆಮನೆಯ ಮಡಿಯ ಒಳಗೇ ನಡೆಯುತ್ತಿದ್ದ ವ್ಯವಸ್ಥೆ. ಅದು ಹೆಚ್ಚಾಗಿ ಬ್ರಾಹ್ಮಣ ಮನೆಗಳಲ್ಲಿ ಬ್ರಾಹ್ಮಣ ಹುಡುಗರಿಗೆ ಸಿಗುತ್ತಿದ್ದ ಊಟ. ಪೇಟೆಯಲ್ಲಿ ತನ್ನವರ ಮನೆಗಳೇ ಇಲ್ಲದ ಒಕ್ಕಲಿನ ಮಗನಿಗೆ, ಮೂರ್ತೆಯವನ ಮಗನಿಗೆ, ಮೊಗವೀರರ ಹುಡುಗನಿಗೆ ಏಳು ಮನೆ ಎಲ್ಲಿಂದ ಬರಬೇಕು? ಸಮುದಾಯಗಳು ತಮ್ಮ ತಮ್ಮ ಮಕ್ಕಳಿಗಾಗಿ ಹಾಸ್ಟೆಲು ಕಟ್ಟಲು ಹೊರಟದ್ದರ ಮೂಲ ಇದೇ ಪ್ರಶ್ನೆಯಲ್ಲಿದೆ ಎಂದು ನಾನು ನಂಬುತ್ತೇನೆ. ಬಂಟರ ಯಾನೆ ನಾಡವರ ಮಾತೃ ಸಂಘ ಹುಟ್ಟಿದ್ದು 1908ರಲ್ಲಿ. ಅದರ ಆಸರೆಯಲ್ಲಿ ಎದ್ದ ವಿದ್ಯಾರ್ಥಿನಿಲಯವೇ ಈಗ ಕಂಡಕ್ಟರುಗಳ ಬಾಯಲ್ಲಿರುವ ಹೆಸರು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರದ ಧರ್ಮದಿಂದ ವೀರಶೈವ ವಿದ್ಯಾರ್ಥಿಗಳಿಗೆ ನೆಲೆ ಸಿಕ್ಕಿತು. ಧಾರವಾಡದ ಮುರುಘಾಮಠ ಪ್ರಸಾದನಿಲಯ ತೆರೆಯಿತು. ನಮ್ಮ ಗಡಿಯಾಚೆ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ ಒಂದೊಂದಾಗಿ ಬೋರ್ಡಿಂಗುಗಳನ್ನು ತೆರೆಸಿದರು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಒಂದು ತೆರೆಯಿತು. ಎಲ್ಲರನ್ನೂ ಒಂದೇ ಸೂರಿನಡಿ ಕೂರಿಸಲು ಆ ಕಾಲ ಒಪ್ಪುತ್ತಿರಲಿಲ್ಲ. ಒಪ್ಪುವವರೆಗೆ ಮಕ್ಕಳ ಓದು ಕಾಯುವಂತಿರಲಿಲ್ಲ. ಶಾಹು ಮಹಾರಾಜರು ಬೇರೆ ಬೇರೆ ಬಾಗಿಲು ಮಾಡಿಯಾದರೂ ಸರಿ, ಮಕ್ಕಳನ್ನು ಒಳಗೆ ತಂದರು.

ಹಾಸ್ಟೆಲುಗಳಲ್ಲಿ ಟೋಪಿ ಇರಲಿಲ್ಲ, ಪಟ್ಟಿ ಇರಲಿಲ್ಲ. ಬಣ್ಣದ ಬದಲು ಇದ್ದದ್ದು ಪಂಕ್ತಿ. ನೆಲದ ಮೇಲೆ ಸಾಲಾಗಿ ಕೂತು, ಬಡಿಸುವ ಸರದಿ ಬಂದವನು ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಣ್ಣುವುದು. ಬೆಳಗ್ಗೆ ಗಂಟೆ ಹೊಡೆದೊಡನೆ ಏಳುವುದು, ಬಾವಿಯಿಂದ ನೀರು ಸೇದುವುದು, ಪ್ರಾರ್ಥನೆ, ಓದು. ಊರಿಂದ ಒಬ್ಬನಿಗೆ ಹಪ್ಪಳವೋ ಉಪ್ಪಿನಕಾಯಿಯೋ ಬಂದರೆ ಅದು ಕೋಣೆಯ ಎಲ್ಲರದು. ಜ್ವರ ಬಂದವನ ಪಕ್ಕದಲ್ಲಿ ರಾತ್ರಿಯೆಲ್ಲ ಕೂರುವವನು ಸ್ವಂತ ಅಣ್ಣನಲ್ಲ, ಎದುರು ಚಾಪೆಯವನು. ರಜೆಯ ಮುನ್ನಾದಿನ ತಾಳಮದ್ದಳೆ, ನಾಟಕ. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದಲ್ಲಿ ಓದಿನ ಜೊತೆ ಗದ್ದೆ ತೋಟದ ಕೆಲಸವೂ ಇತ್ತು. ಹಾಗೆ ಬೆಳೆದವರು ಮುದುಕರಾದ ಮೇಲೆ ಮದುವೆಮನೆಯಲ್ಲಿ ಭೇಟಿಯಾದಾಗ ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆಯುವುದನ್ನು ಕೇಳಬೇಕು. ನಿವೃತ್ತ ನ್ಯಾಯಾಧೀಶರನ್ನು 'ಏ ಮಾರಾಯ' ಎನ್ನುವ ಹಕ್ಕು ಹಾಸ್ಟೆಲಿನ ಗೆಳೆಯನಿಗೆ ಮಾತ್ರ ಇರುವುದು.

ಧಾರವಾಡದಲ್ಲಿ ಇದೇ ಗೆಳೆತನ ಸಾಹಿತ್ಯವಾಗಿ ಅರಳಿತು. 1920ರ ದಶಕದ ಆರಂಭದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಟಾರ್ಟುವಿನ ಓದಿನ ಸಂಜೆಗಳಿಗೆ ನಮ್ಮಲ್ಲಿ ಅತ್ಯಂತ ಹತ್ತಿರದ್ದು. ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಶಂಬಾ ಜೋಶಿ, ಮಧುರಚೆನ್ನ, ಆನಂದಕಂದರಂಥವರು ಅಲ್ಲಿ ಕವಿತೆ ಓದಿದರು, ವಾದಿಸಿದರು, ನಾಡಹಬ್ಬ ಮಾಡಿದರು. ಮುಂಬಯಿ ಪ್ರಾಂತಕ್ಕೆ ಸೇರಿ, ಮರಾಠಿಯ ನೆರಳಿನಲ್ಲಿದ್ದ ಕನ್ನಡಕ್ಕೆ ಆ ಗುಂಪು ಕೊಟ್ಟ ಧೈರ್ಯ ದೊಡ್ಡದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ಒತ್ತಾಸೆಯಿಂದ ಬೆಳೆದ ಕರ್ನಾಟಕ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ'ವನ್ನು ಹೊರತಂದಿತು. ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದ ಕೋಟದ ಹುಡುಗನೊಬ್ಬ ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ. ಶಿವರಾಮ ಕಾರಂತರು ಆಮೇಲೆ ಯಾವ ಕೂಟಕ್ಕೂ ಪೂರ್ತಿಯಾಗಿ ಸೇರಿದವರಲ್ಲ. ಎಲ್ಲರಿಗೂ ಸಂಘವೇ ಬೇಕೆಂದಿಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಇಷ್ಟೆಲ್ಲ ಹೇಳಿದ ಮೇಲೂ ಮನಸ್ಸಿನಲ್ಲಿ ಒಂದು ಚುಚ್ಚು ಉಳಿಯುತ್ತದೆ. ಟಾರ್ಟುವಿನಲ್ಲಿ ಬಾವುಟ ಹೊಲಿದ ಹೆಣ್ಣುಮಕ್ಕಳಿಗೆ ಆ ಸಂಘದಲ್ಲಿ ಜಾಗವಿರಲಿಲ್ಲ. 1920ರಲ್ಲಿ ಅಲ್ಲಿನ ಕೆಲವು ಹುಡುಗಿಯರು 'ಫಿಲಿಯೆ ಪಾಟ್ರಿಯೆ' ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಮರುವರ್ಷ, 1921ರಲ್ಲಿ, ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ತೆರೆಯಿತು. ಅಣ್ಣತಮ್ಮಂದಿರ ಬಗ್ಗೆ ಆಡಿದ ಮಾತುಗಳಲ್ಲಿ ಬಹುಕಾಲ ಅಕ್ಕತಂಗಿಯರು ಇರಲಿಲ್ಲ. ಹಾಗೆಯೇ ವಾರಾನ್ನದ ಏಳು ಮನೆಗಳ ಜಗಲಿಗೂ, ಜಾತಿಯವರು ಕಟ್ಟಿದ ಹಾಸ್ಟೆಲಿನ ಪಂಕ್ತಿಗೂ, ಎರಡಕ್ಕೂ ಹೊರಗೆ ನಿಂತಿದ್ದ ಮಕ್ಕಳಿದ್ದರು. ಅವರು ಶಾಲೆಯ ದಾರಿಯಲ್ಲಿ ನಡೆದರೂ ತಕರಾರು ಏಳುತ್ತಿದ್ದ ಕಾಲ ಅದು.

ಅವರ ಕಡೆಗೆ ಹೊರಳಿದವರು ಕುದ್ಮುಲ್ ರಂಗರಾಯರು. ಪುತ್ತೂರಿನ ಕಡೆಯ ಕುದ್ಮುಲಿನ ಸಾರಸ್ವತ ಮನೆತನದಲ್ಲಿ 1859ರಲ್ಲಿ ಹುಟ್ಟಿದವರು, ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾಗಿ, ಆಮೇಲೆ ವಕೀಲರಾಗಿ ದುಡಿದವರು, ಬ್ರಹ್ಮಸಮಾಜದವರು. 1890ರ ದಶಕದ ಮೊದಲಲ್ಲೇ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ವಿರೋಧ ಬಂತು, ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಮಗುವನ್ನು ಶಾಲೆಗೆ ಕಳಿಸಿದರೆ ಮನೆಗೆ ಒಂದು ದಿನದ ದುಡಿಮೆ ತಪ್ಪುತ್ತದೆ ಎಂಬುದು ರಾಯರಿಗೆ ಗೊತ್ತಿತ್ತು. ಅದಕ್ಕಾಗಿ ಮಧ್ಯಾಹ್ನದ ಊಟ ಕೊಟ್ಟರು. ಸರ್ಕಾರಗಳು ಬಿಸಿಯೂಟದ ಯೋಚನೆಗೆ ಬರುವುದಕ್ಕೆ ಎಷ್ಟೋ ದಶಕ ಮುಂಚಿನ ಮಾತಿದು. ಕೋಡಿಯಾಲ್‌ಬೈಲಿನಲ್ಲಿ ಹಾಸ್ಟೆಲು ಮಾಡಿದರು. ಮಕ್ಕಳಿಗೆ ಕೈಕಸುಬು ಕಲಿಸಿದರು. ತಮ್ಮ ಮಗಳು ರಾಧಾಬಾಯಿಯವರನ್ನು ಜಾತಿಯ ಹೊರಗೆ, ತಮಿಳುನಾಡಿನ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟರು. ಆ ರಾಧಾಬಾಯಿ ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಹೆಂಗಸರ ಪರವಾಗಿ ಮಾತನಾಡಿದರು. ಅನ್ಯರ ಮಕ್ಕಳಿಗೆ ಹೇಳಿದ್ದನ್ನು ತಮ್ಮ ಮನೆಯೊಳಗೆ ಮೊದಲು ನಡೆಸಿದ ಮನುಷ್ಯ ರಂಗರಾಯರು. ನಾನು ಅವರನ್ನು ಬಹುವಾಗಿ ಗೌರವಿಸುವುದು ಇದಕ್ಕಾಗಿ.

ರಂಗರಾಯರ ಒಂದು ಆಸೆ ಮಂಗಳೂರಿಗರಿಗೆಲ್ಲ ಗೊತ್ತಿರುವಂಥದ್ದು. ತಾವು ಓದಿಸಿದ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ, ಕಾರಿನಲ್ಲಿ ಈ ಊರಿನ ರಸ್ತೆಯಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು. ತಮ್ಮ ಅಂತ್ಯಕ್ರಿಯೆಯನ್ನು ದಲಿತ ಬಂಧುಗಳೇ ಮಾಡಬೇಕೆಂದೂ ಬಯಸಿದ್ದರು. 1928ರ ಜನವರಿಯಲ್ಲಿ ತೀರಿಕೊಂಡರು. ಈಗ ಪುರಭವನಕ್ಕೆ ಅವರ ಹೆಸರಿದೆ. ಅಲ್ಲಿ ನಾಟಕ, ಯಕ್ಷಗಾನ, ಸನ್ಮಾನ ನೋಡಲು ಹೋಗುವಾಗ ಬಾಗಿಲ ಮೇಲಿನ ಹೆಸರನ್ನು ಓದುವವರು ಎಷ್ಟು ಮಂದಿ ಇದ್ದಾರೋ!

ಟಾರ್ಟುವಿನ ಹುಡುಗರು ಕಟ್ಟಿದ್ದು ತಮ್ಮಂಥವರ ಬಳಗ. ತಮ್ಮಂಥವರನ್ನು ಅಪ್ಪಿಕೊಳ್ಳುವುದು ತಪ್ಪಲ್ಲ, ತುಳಿತದ ನಡುವೆ ಅದು ಅವಶ್ಯವೂ ಹೌದು. ನಮ್ಮ ಸಮುದಾಯದ ಹಾಸ್ಟೆಲುಗಳು ಮಾಡಿದ್ದೂ ಅದನ್ನೇ. ಅವು ಇಲ್ಲದಿದ್ದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರ ಇನ್ನೂ ಒಂದು ತಲೆಮಾರು ತಡವಾಗಿ ಬರುತ್ತಿದ್ದ. ರಂಗರಾಯರು ಮಾಡಿದ ಕೆಲಸ ಬೇರೆ ಜಾತಿಯದು. ತನ್ನಂಥವನಲ್ಲದವನಿಗಾಗಿ ಒಲೆ ಹಚ್ಚಿ, ಚಾಪೆ ಹಾಸಿ, ಅದಕ್ಕಾಗಿ ತನ್ನವರನ್ನೇ ಕಳೆದುಕೊಂಡದ್ದು. ಅಣ್ಣತಮ್ಮಂದಿರಾಗುವುದು ಅಂದರೆ ಇದು ಎಂದು ನನ್ನ ತಿಳಿವಳಿಕೆ. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಯಾವ ಜಾತಿಯ ಮಗು ಬಂದರೂ ಊಟ ಹಾಕಿ ಓದಿಸಿದರು. 2019ರಲ್ಲಿ ಅವರು ಲಿಂಗೈಕ್ಯರಾದ ಕಾಲಕ್ಕೆ ಅಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳಿದ್ದರು. ದೇವರಾಜ ಅರಸರ ಆಡಳಿತದಲ್ಲಿ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಊರೂರಿಗೆ ಹಬ್ಬಿದವು. ಸರ್ಕಾರಿ ಹಾಸ್ಟೆಲಿನ ಸಾರು ನೀರಾಗಿರಬಹುದು, ಮಂಚ ಅಲುಗಾಡುತ್ತಿರಬಹುದು. ಅದರಲ್ಲಿ ಮಲಗಿ ಎದ್ದವರೇ ಇಂದು ನಮ್ಮ ಡಾಕ್ಟರುಗಳು, ತಹಶೀಲ್ದಾರರು, ಪ್ರಾಧ್ಯಾಪಕರು, ಕವಿಗಳು.

ಒಂದು ಮಾತು ಹೊಸಬರ ಬಗ್ಗೆ. ಎಸ್ಟೋನಿಯದ 'ನರಿ' ಗುಡಿಸುತ್ತಾನೆ, ಬಡಿಸುತ್ತಾನೆ, ಅದರ ಕೊನೆಯಲ್ಲಿ ಅವನಿಗೆ ಒಂದು ಮನೆ ಸಿಗುತ್ತದೆ. ನಮ್ಮ ಹಲವು ವೃತ್ತಿಪರ ಕಾಲೇಜುಗಳಲ್ಲಿ ಹೊಸಬನನ್ನು ಪಳಗಿಸುವ ಹೆಸರಲ್ಲಿ ನಡೆದದ್ದು ಬರೀ ಅವಮಾನ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೇ ರ‍್ಯಾಗಿಂಗನ್ನು ಅಪರಾಧ ಎಂದಿತು. 2009ರಲ್ಲಿ ಯುಜಿಸಿ ಇಡೀ ದೇಶಕ್ಕೆ ನಿಯಮ ಮಾಡಿತು. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಮೊದಲ ರಾತ್ರಿ ಏನು ಕೊಡುತ್ತಾನೆ ಎಂಬುದರ ಮೇಲೆ ಆ ಕಿರಿಯನ ಇಡೀ ಕಾಲೇಜು ಬದುಕು ನಿಂತಿರುತ್ತದೆ. ಊರು ಬಿಟ್ಟು ಬಂದ ಹುಡುಗನಿಗೆ ಆ ರಾತ್ರಿ ಬೇಕಾದದ್ದು 'ಉಂಡಿಯೇನೋ?' ಎಂಬ ಒಂದು ಪ್ರಶ್ನೆ. ಮಂಗಳೂರು ಈಗ ಹೊರನಾಡಿನ ಮಕ್ಕಳಿಂದ ತುಂಬಿದ ಊರು. ಕೇರಳದವರು, ಈಶಾನ್ಯದವರು, ಉತ್ತರ ಕರ್ನಾಟಕದವರು ಪಿಜಿಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇದ್ದಾರೆ. ಒಂದೇ ಕೋಣೆಯಲ್ಲಿದ್ದೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಪೊಟ್ಟಣ ತರಿಸಿ ಉಣ್ಣುತ್ತಾರೆ. ಪಂಕ್ತಿ ಕಳೆದುಹೋಗಿದೆ. ಅದನ್ನು ಮತ್ತೆ ಹಾಕುವುದು ಕಷ್ಟದ ಕೆಲಸವೇನಲ್ಲ, ವಾರಕ್ಕೊಂದು ರಾತ್ರಿ ಒಟ್ಟಿಗೆ ಅನ್ನ ಬೇಯಿಸಿಕೊಂಡರೂ ಆದೀತು.

ಈ ಬೆಳಿಗ್ಗೆ ಇದನ್ನು ಓದುತ್ತಿರುವವರಲ್ಲಿ ಹಾಸ್ಟೆಲಿನ ಅನ್ನ ಉಂಡು ಬೆಳೆದವರು ಖಂಡಿತ ಇದ್ದೀರಿ. ನಿಮ್ಮ ಹಳೆಯ ಹಾಸ್ಟೆಲಿಗೆ ಒಮ್ಮೆ ಹೋಗಿ, ಮಕ್ಕಳ ಜೊತೆ ಅದೇ ಸಾಲಿನಲ್ಲಿ ಕೂತು ಊಟ ಮಾಡಿ. ಅದು ನಿಮ್ಮ ಸಮುದಾಯದ ಹಾಸ್ಟೆಲಾಗಿದ್ದರೆ, ಹೊರಗಿನ ಒಂದಿಬ್ಬರು ಬಡ ಮಕ್ಕಳಿಗೂ ಜಾಗ ಕೊಡಲು ಆಡಳಿತದವರಲ್ಲಿ ಕೇಳಿ. ಕಾಲೇಜು ತೆರೆಯುವ ಹೊತ್ತಿಗೆ ಸರ್ಕಾರಿ ವಿದ್ಯಾರ್ಥಿನಿಲಯಗಳ ಅರ್ಜಿ ಕರೆಯುತ್ತಾರೆ, ಈಗ ಅದೆಲ್ಲ ಆನ್‌ಲೈನಿನಲ್ಲಿ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ, ನಿಮ್ಮ ತೋಟದ ಆಳುಗಳ ಮಕ್ಕಳಲ್ಲಿ ಪಿಯುಸಿ ಮುಗಿಸಿದವರಿದ್ದರೆ, ಕೂತು ಆ ಅರ್ಜಿಯನ್ನು ತುಂಬಿಸಿ ಕೊಡಿ.